ಹಳೆ ಕೊಡೆ, ಐದು ಸಂಚಿ, ಎರಡು ಬ್ಯಾಗು

ಟೆಂಟ್ ಹಾಕಿ ರಾತ್ರಿ ಉಳಿಯಲು ಹೊರಟಾಗ ಮಕ್ಕಳ ಬ್ಯಾಗನ್ನು ಮಕ್ಕಳೇ ತುಂಬಿಕೊಳ್ಳಲಿ ಎಂದು ಹೇಳುವುದು ಸುಲಭ. ಆದರೆ ಬ್ಯಾಗು ಅದಕ್ಕೆ ತಕ್ಕ ಹಾಗೆ ಇರಬೇಕಲ್ಲ? ಅಂಗಡಿಯಲ್ಲಿ ಸಿಗುವ ಬ್ಯಾಗಿನ ಹೊಟ್ಟೆ ಬಾವಿ ಇದ್ದ ಹಾಗೆ. ಮೂರನೇ ತರಗತಿಯ ಮಗ ಅದರೊಳಗಿಂದ ಟಾರ್ಚ್ ತೆಗೆಯಬೇಕೆಂದರೆ ಮೊದಲು ಎಲ್ಲವನ್ನೂ ನೆಲಕ್ಕೆ ಸುರಿಯಬೇಕು. ಸುರಿದದ್ದನ್ನು ಮತ್ತೆ ತುಂಬಲು ದೊಡ್ಡವರ ಕೈ ಬರುತ್ತದೆ. ಒಮ್ಮೆ ದೊಡ್ಡವರ ಕೈ ಒಳಗೆ ಹೋಯಿತೋ, ಯಾವುದು ಎಲ್ಲಿದೆ ಎಂಬುದು ಆ ಮಗುವಿಗೆ ಮತ್ತೆ ಗೊತ್ತಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಈ ಪಾಠ ಹೊಲಿಗೆ ಮಷಿನ್ನಿನಿಂದ ಶುರುವಾಯಿತು.

ನಾವಿರುವುದು ಶಿರಸಿಯಲ್ಲಿ. ಟೆಂಟ್ ಹಾಕುವ ಜಾಗ ಎರಡು. ಮೇಲೆ, ಹುಲೇಕಲ್ ಕಡೆ ಭಾವನ ಅಡಿಕೆ ತೋಟದ ಆಚೆಗಿನ ಬೇಣ, ಅಂದರೆ ಹುಲ್ಲು ಬೆಳೆಯುವ ಗುಡ್ಡ. ಕೆಳಗೆ, ದೇವಿಮನೆ ಘಟ್ಟ ಇಳಿದು ಕುಮಟಾ ಹತ್ತಿರ ನೆಂಟರ ತೆಂಗಿನ ತೋಟ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನೊಳಗೆ ಟೆಂಟ್ ಹಾಕುವ ಹಾಗಿಲ್ಲ; ಜೋಯಿಡಾ, ದಾಂಡೇಲಿ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವಂತೂ ಇನ್ನೂ ಬಿಗಿ. ನಮ್ಮವರ ಜಾಗವಾದರೆ ಹೇಳಿ ಕೇಳಿ ಹೋಗಬಹುದು, ರಾತ್ರಿ ಏನಾದರೂ ಆದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ ಇರುತ್ತದೆ. ಎರಡೂ ಕಡೆ ಕಾರು ನಿಲ್ಲಿಸಿದ ಮೇಲೆ ಬ್ಯಾಗು ಹೊತ್ತು ನಡೆಯಲೇಬೇಕು. ನನಗೆ ಬೇಕಾದದ್ದೂ ಅದೇ.

ಬ್ಯಾಗುಗಳ ರಿಪೇರಿ

ಹೊಸ ಬ್ಯಾಗು ಕೊಳ್ಳಲಿಲ್ಲ. ಆರನೇ ತರಗತಿಯ ಮಗಳಿಗೆ ನನ್ನದೇ ಒಂದು ಹಳೆ ಬ್ಯಾಗು, ಸುಮಾರು 25 ಲೀಟರಿನದು. ಮಗನಿಗೆ ಅಕ್ಕ ಬಿಟ್ಟ ಶಾಲೆ ಬ್ಯಾಗು.

ನನ್ನ ಹಳೆ ಬ್ಯಾಗಿನ ಒಳಮೈ ಅಂಟಂಟಾಗಿ, ಬಿಳಿ ಪೊರೆಯಂತೆ ಏಳುತ್ತಿತ್ತು. ನೀರು ಒಳಗಿಳಿಯದಿರಲಿ ಎಂದು ಬಟ್ಟೆಗೆ ಬಳಿದಿರುವ ಪಾಲಿಯುರೆಥೇನ್ ಲೇಪನ ಅದು. ತೇವ ಕುಡಿದು ಕುಡಿದು ಆ ಲೇಪನ ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗಿನ ಬಟ್ಟೆಗೂ ಬೂಸು ಹಿಡಿಯುವ ನಮ್ಮೂರಲ್ಲಿ ಯಾವ ಬ್ಯಾಗಿಗೂ ಇದು ತಪ್ಪಿದ್ದಲ್ಲ. ಬಿಸಿನೀರು, ಸೋಪಿನ ಪುಡಿ, ಬಟ್ಟೆ ತಿಕ್ಕುವ ಬ್ರಷ್ ಹಿಡಿದು ಪೂರ್ತಿ ಉಜ್ಜಿ ತೆಗೆದೆ. ಅರ್ಧಂಬರ್ಧ ಬಿಟ್ಟರೆ ಉಳಿದದ್ದು ಬಟ್ಟೆಬರೆಗೆಲ್ಲ ಮೆತ್ತಿಕೊಳ್ಳುತ್ತದೆ. ಲೇಪನ ಹೋದ ಮೇಲೆ ಬ್ಯಾಗು ನೀರು ತಡೆಯುವುದಿಲ್ಲ, ಅದಕ್ಕೆ ಒಳಗೊಂದು ದಪ್ಪ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಹಾಕಿದೆ. ಹೊರಗಿನ ಮಳೆಕವಚಕ್ಕಿಂತ ಇದೇ ಒಳ್ಳೆಯದು. ಹೊರಕವಚ ಹಾಕಿದರೂ ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ಒಳಗಿನ ಕೊಟ್ಟೆಯ ಬಾಯಿ ತಿರುಚಿ ಮಡಚಿಟ್ಟರೆ ಹಾಸಿಗೆ ಒಣಗಿರುತ್ತದೆ.

ಮಗನ ಶಾಲೆ ಬ್ಯಾಗಿಗೆ ಸೊಂಟದ ಪಟ್ಟಿ ಇರಲಿಲ್ಲ. ಶಾಲೆಗೆ ಅದು ಬೇಕಿಲ್ಲ, ಬೇಣದ ಏರಿಗೆ ಬೇಕು. ಪಟ್ಟಿ ಕಟ್ಟಿದರೆ ಭಾರದ ಒಂದು ಪಾಲು ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ, ಓಡಿದರೂ ಬ್ಯಾಗು ಆಚೀಚೆ ಹೊರಳುವುದಿಲ್ಲ. ಪೇಟೆಯಲ್ಲಿ ಬ್ಯಾಗು ರಿಪೇರಿ ಮಾಡುವವರ ಹತ್ತಿರ ಒಂದೂವರೆ ಇಂಚಿನ ನೈಲಾನ್ ಪಟ್ಟಿ, ಅದಕ್ಕೆ ಹೊಂದುವ ಬಕಲ್ ತಂದೆ. ಪಟ್ಟಿಯ ಕತ್ತರಿಸಿದ ತುದಿಯನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ, ಬೆನ್ನಿನ ಬದಿಯ ಕೆಳ ಹೊಲಿಗೆಯಲ್ಲಿ, ಬಟ್ಟೆ ಎರಡು ಪದರ ಇರುವಲ್ಲೇ ಕೂರಿಸಿದೆ. ಚೌಕಾಕಾರ ಹೊಲಿದು ಅದರೊಳಗೆ ಗುಣಿಸು ಗುರುತಿನ ಹಾಗೆ ಎರಡು ಅಡ್ಡ ಹೊಲಿಗೆ. ಮನೆಯ ಮಷಿನ್ನಿನ ಸೂಜಿ ಅಲ್ಲಿ ಇಳಿಯುವುದಿಲ್ಲ. ದಬ್ಬಳ ಮತ್ತು ಮೇಣ ಸವರಿದ ಚಪ್ಪಲಿ ಹೊಲಿಯುವ ದಾರ ಹಿಡಿದು ಕೈಯಲ್ಲೇ ಹೊಲಿಯಬೇಕು. ಪಟ್ಟಿಯನ್ನು ಒಂದು ಗೇಣು ಉದ್ದವೇ ಬಿಟ್ಟಿದ್ದೇನೆ, ಅವನು ಬೆಳೆಯುತ್ತಾನೆ.

ಹೆಗಲ ಪಟ್ಟಿಯನ್ನು ಬಿಗಿಮಾಡಲು ಮಾತ್ರ ನಾನು ಮಧ್ಯ ಪ್ರವೇಶಿಸುತ್ತೇನೆ. ಬ್ಯಾಗಿನ ತಳ ಸೊಂಟಕ್ಕಿಂತ ನಾಲ್ಕು ಇಂಚು ಕೆಳಗೆ ಇಳಿಯಬಾರದು. ಮಕ್ಕಳಿಗೆ ಸಡಿಲವಾಗಿ ಜೋತುಬಿಟ್ಟುಕೊಳ್ಳುವುದೇ ಇಷ್ಟ.

ಕೊಡೆ ಬಟ್ಟೆಯ ಸಂಚಿ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ಎಲ್ಲರ ಮನೆಯ ಜಗುಲಿ ಮೂಲೆಯಲ್ಲೂ ಕಡ್ಡಿ ಮುರಿದ ಕೊಡೆಗಳು ಒರಗಿರುತ್ತವೆ. ಬಟ್ಟೆ ಮಾತ್ರ ಗಟ್ಟಿ. ತೆಳು, ಹಗುರ, ಒದ್ದೆಯಾದರೂ ಕೊಡವಿದರೆ ಒಣಗುತ್ತದೆ. ಒಳಸಂಚಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಹಣ ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ.

ಮಾದರಿ ಹುಡುಕಲು ದೂರ ಹೋಗಲಿಲ್ಲ. ನನ್ನ ಅಜ್ಜನ ಕವಳದ ಸಂಚಿ ಇನ್ನೂ ಮನೆಯಲ್ಲಿದೆ. ಬಾಯಿಗೆ ಲಾಡಿ, ಎಳೆದರೆ ಮುಚ್ಚುತ್ತದೆ, ಎರಡು ಬೆರಳು ಹಾಕಿ ಅಗಲಿಸಿದರೆ ತೆರೆಯುತ್ತದೆ. ಜಿಪ್ ಇಲ್ಲ. ಮಾತಾಡುತ್ತಲೇ, ಸಂಚಿಯ ಕಡೆ ನೋಡದೆ ಅಜ್ಜ ಅಡಿಕೆ, ಎಲೆ, ಸುಣ್ಣದ ಡಬ್ಬಿಯನ್ನು ಒಂದೊಂದಾಗಿ ತೆಗೆಯುತ್ತಿದ್ದ. ಮಕ್ಕಳಿಗೆ ನಾನು ಕಲಿಸಬೇಕೆಂದಿದ್ದು ಸರಿಯಾಗಿ ಇದನ್ನೇ.

ಕೊಡೆಯ ಎಂಟು ತುಂಡುಗಳ ಹೊಲಿಗೆ ಬಿಚ್ಚುವ ಕೆಲಸಕ್ಕೆ ಹೋಗಬಾರದು. ಕಡ್ಡಿಗೆ ಕಟ್ಟಿದ ದಾರ ಕತ್ತರಿಸಿ ಇಡೀ ಬಟ್ಟೆ ತೆಗೆದು, ನಡುವೆ ಕತ್ತರಿಸಿ ಎರಡು ಅರ್ಧ ಮಾಡಿ. ದೊಡ್ಡ ಕೊಡೆಯಾದರೆ ಒಂದೊಂದು ಅರ್ಧದಲ್ಲೂ 70 ಸೆಂಟಿಮೀಟರ್ ಉದ್ದ, 35 ಸೆಂಟಿಮೀಟರ್ ಅಗಲದ ತುಂಡು ಸಿಗುತ್ತದೆ. ನಡುವೆ ಕೊಡೆಯ ಹಳೆ ಹೊಲಿಗೆ ಹಾದುಹೋಗುತ್ತದೆ, ಹೋಗಲಿ. ಮಡಚಿದರೆ ಹೆಚ್ಚುಕಡಿಮೆ ಚೌಕಾಕಾರದ ಸಂಚಿ. ಹೀಗೆ ಒಂದು ಕೊಡೆಗೆ ಎರಡು ದೊಡ್ಡ ಸಂಚಿ. ಅಂಚಿನಲ್ಲಿ ಉಳಿದ ಚೂರುಗಳಿಂದ ಟಾರ್ಚಿನ ಸಣ್ಣ ಸಂಚಿ.

ಹೊಲಿಯುವಾಗ 11ನೇ ನಂಬರಿನ ತೆಳು ಸೂಜಿ ಹಾಕಿ. ದಪ್ಪ ಸೂಜಿ ಮಾಡಿದ ತೂತು ಈ ಬಟ್ಟೆಯಲ್ಲಿ ಮುಚ್ಚುವುದಿಲ್ಲ. ಅದೇ ಕಾರಣಕ್ಕೆ ಗುಂಡುಪಿನ್ನೂ ಬೇಡ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಹಿಡಿಯಬಹುದು. ಅಂಚಿನಿಂದ ನೂಲು ಏಳುತ್ತದೆ, ಆದ್ದರಿಂದ ಮೊದಲು ಉಲ್ಟಾ ಮೈ ಒಳಗಿಟ್ಟು ಒಂದು ಹೊಲಿಗೆ, ಮಗುಚಿ ಇನ್ನೊಂದು ಹೊಲಿಗೆ. ಕತ್ತರಿಸಿದ ಅಂಚು ಒಳಗೇ ಮುಚ್ಚಿಹೋಗುತ್ತದೆ. ಬಾಯಿಯಲ್ಲಿ ಮೂರು ಸೆಂಟಿಮೀಟರ್ ಮಡಚಿ ಲಾಡಿ ಹೋಗುವ ದಾರಿ. ಲಾಡಿಗೆ ಹತ್ತಿಯ ದಾರ ಹಾಕಿ ನೋಡಿದೆವು. ಒದ್ದೆಯಾದರೆ ಉಬ್ಬಿ ಗಂಟು ಬಿಗಿಯುತ್ತದೆ, ಮಗನ ಬೆರಳಿಗೆ ಬಿಚ್ಚಲು ಬರಲಿಲ್ಲ. ಈಗ ನೈಲಾನ್ ಲಾಡಿ. ಅದಕ್ಕೆ ಹಳೆ ರೇನ್‌ಕೋಟಿನ ಟೋಪಿಯಿಂದ ಬಿಚ್ಚಿದ, ಒತ್ತಿದರೆ ಜಾರುವ ಪ್ಲಾಸ್ಟಿಕ್ ಗುಂಡಿ. ಒಂದೇ ಕೈಯಲ್ಲಿ ತೆರೆಯುತ್ತಾನೆ.

ಒಬ್ಬೊಬ್ಬರಿಗೆ ಐದು ಸಂಚಿ. ಹಾಸಿಗೆ, ಬಟ್ಟೆ, ಸ್ನಾನದ್ದು, ತಿಂಡಿ, ಟಾರ್ಚ್. ಹೆಚ್ಚು ಮಾಡಬೇಡಿ, ಐದು ಬೆರಳಲ್ಲಿ ಎಣಿಸುವಷ್ಟಿರಲಿ.

ಕೊಡೆಗಳೆಲ್ಲ ಕಪ್ಪು! ಬಣ್ಣ ನೋಡಿ ಗುರುತಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ, ಟೆಂಟ್ ಒಳಗೆ ರಾತ್ರಿ ಬಣ್ಣ ಕಾಣುವುದೂ ಇಲ್ಲ. ಆಗ ಮಗಳು ಹೇಳಿದ್ದು, ಲಾಡಿಯ ತುದಿಗೆ ಒಂದೊಂದು ವಸ್ತು ಕಟ್ಟೋಣ ಎಂದು. ಇಡೀ ಕೆಲಸದಲ್ಲಿ ಅತಿ ಉಪಯೋಗಕ್ಕೆ ಬಂದ ಮಾತು ಅದೇ. ತಿಂಡಿಯ ಸಂಚಿಗೆ ಸಿಪ್ಪೆ ಸುಲಿದ ಚಾಲಿ ಅಡಿಕೆ, ನಡುವೆ ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು. ಟಾರ್ಚಿಗೆ ಕುಮಟಾದ ಸಮುದ್ರದಂಚಿನಲ್ಲಿ ಹೆಕ್ಕಿದ ತಿರುಪು ಶಂಖದ ಚೂರು. ಅದರ ತುದಿ ಬೆರಳಿಗೆ ತಾಗಿದ ಕೂಡಲೇ ಗೊತ್ತಾಗುತ್ತದೆ. ಬಟ್ಟೆಗೆ ಹಳೆ ಅಂಗಿಯ ದೊಡ್ಡ ಗುಂಡಿ, ಸ್ನಾನದ ಸಂಚಿಗೆ ಗೆರಟೆಯ ತುಂಡು ಉಜ್ಜಿ ನುಣುಪು ಮಾಡಿದ್ದು. ಹಾಸಿಗೆಯ ಸಂಚಿಗೆ ಏನೂ ಇಲ್ಲ, ಬರೀ ಗಂಟು. ಅಡಿಕೆ ಮತ್ತು ಶಂಖವನ್ನು ಹಿಡಿದು ಕಣ್ಣು ಮುಚ್ಚಿ ನೋಡಿ, ಎಂಟು ವರ್ಷದವರಿಗಲ್ಲ, ಎಂಬತ್ತು ವರ್ಷದವರಿಗೂ ತಪ್ಪುವುದಿಲ್ಲ.

ಚಿತ್ರದ ಬಟ್ಟೆ

ಪಟ್ಟಿ ಬರೆದು ಕೊಟ್ಟರೆ ಕಾಗದ ಹರಿಯುತ್ತದೆ, ಕಳೆಯುತ್ತದೆ, ಓದುವ ತಾಳ್ಮೆಯೂ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಹಳೆ ಪಂಚೆಯಿಂದ ಒಂದು ಅಂಗೈ ಅಗಲ, ಎರಡು ಅಂಗೈ ಉದ್ದದ ತುಂಡು ತೆಗೆದು, ಮಕ್ಕಳಿಂದಲೇ ಅಳಿಸದ ಮಾರ್ಕರಿನಲ್ಲಿ ಚಿತ್ರ ಬಿಡಿಸಿದೆವು. ಬ್ಯಾಗಿನ ಮುಚ್ಚಳದ ಒಳಬದಿಗೆ ಟಿಚ್ ಬಟನ್ ಹಾಕಿ ಅಂಟಿಸಿದ್ದು. ಘಟ್ಟದ ಮೇಲಿನದಕ್ಕೆ ಒಂದು ಬಟ್ಟೆ, ಕರಾವಳಿಗೆ ಇನ್ನೊಂದು. ಬೇಕಾದ್ದನ್ನು ಸಿಕ್ಕಿಸಿಕೊಳ್ಳಬಹುದು.

ಚಿತ್ರಗಳ ಕ್ರಮ ಮುಖ್ಯ. ಬ್ಯಾಗನ್ನು ಸೀಳಿ ನೋಡಿದರೆ ಹೇಗೆ ಕಾಣಬೇಕೋ ಹಾಗೇ ಬಿಡಿಸಬೇಕು. ಹಾಸಿಗೆಯ ಚಿತ್ರ ಆ ಪಂಚೆ ತುಂಡಿನ ಕೆಳತುದಿಯಲ್ಲಿ, ಟಾರ್ಚ್ ಮೇಲ್ತುದಿಯಲ್ಲಿ. ತುಂಬುವಾಗ ಕೆಳಗಿನಿಂದ ಓದುತ್ತಾರೆ, ತೆಗೆಯುವಾಗ ಮೇಲಿನಿಂದ. ರಾತ್ರಿ ಮಲಗುವ ತನಕ ಬೇಡದ್ದು ತಳಕ್ಕೆ, ನಡೆಯುವಾಗಲೇ ಬೇಕಾಗಬಹುದಾದ್ದು ಬಾಯಿಗೆ. ಇದನ್ನು ನಾನು ವಿವರಿಸಿದ್ದಕ್ಕಿಂತ ಚೆನ್ನಾಗಿ ಆ ಪಂಚೆ ತುಂಡು ವಿವರಿಸಿತು.

ತೂಕ

ಶಾಲೆ ಬ್ಯಾಗಿನ ಬಗ್ಗೆ ಕರ್ನಾಟಕ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿತ್ತು: ಮೂರರಿಂದ ಐದನೇ ತರಗತಿಗೆ 2ರಿಂದ 3 ಕೆಜಿ, ಆರರಿಂದ ಎಂಟಕ್ಕೆ 3ರಿಂದ 4 ಕೆಜಿ. ಮರುವರ್ಷ ಬಂದ ರಾಷ್ಟ್ರೀಯ ನೀತಿಯೂ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಎಂದಿತು. ದೊಡ್ಡವರ ಚಾರಣದ ಲೆಕ್ಕಗಳನ್ನು ಮಕ್ಕಳಿಗೆ ಹಚ್ಚುವುದಕ್ಕಿಂತ ನಾನು ಇದನ್ನೇ ಹಿಡಿದುಕೊಂಡೆ. ಮಗ 23 ಕೆಜಿ, ಅವನ ಮಿತಿ 2.3. ಮಗಳು 34, ಅವಳಿಗೆ 3.4.

ತೂಗಿದ್ದು ಗ್ಯಾಸ್ ಸಿಲಿಂಡರ್ ತೂಗುವಂಥ ಕೊಕ್ಕೆ ತಕ್ಕಡಿಯಲ್ಲಿ, ಜಗುಲಿಯ ತೊಲೆಗೆ ನೇತುಹಾಕಿ. ತನ್ನ ಮನಸ್ಸಿಗೆ ಬಂದಂತೆ ತುಂಬಿದ ಮಗನ ಬ್ಯಾಗು 3 ಕೆಜಿ ದಾಟಿತ್ತು. ಏನು ತೆಗೆಯಬೇಕೆಂದು ನಾನು ಹೇಳಲಿಲ್ಲ. ಒಂದೊಂದೇ ವಸ್ತುವನ್ನು ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ತಾನೇ ಬರೆದುಕೊಂಡ. ಸ್ಟೀಲ್ ಬಾಟಲಿ ಖಾಲಿಯಿದ್ದಾಗಲೇ ಇಷ್ಟು ಭಾರವಾ ಎಂದು ಅವನಿಗೆ ಆಶ್ಚರ್ಯ, ಅದು ಹೋಗಿ ಪ್ಲಾಸ್ಟಿಕ್ ಬಾಟಲಿ ಬಂತು. ಕ್ರಿಕೆಟ್ ಚೆಂಡು 160 ಗ್ರಾಂ ಹತ್ತಿರ, ಟೆನಿಸ್ ಚೆಂಡು 58. ಬಹಳ ಹೊತ್ತು ಎರಡನ್ನೂ ಕೈಯಲ್ಲಿ ಹಿಡಿದು ಕೂತಿದ್ದು, ಕೊನೆಗೆ ಟೆನಿಸ್ ಚೆಂಡನ್ನು ಒಳಗಿಟ್ಟ. ಚೆಂಡೇ ಬೇಡ ಎನ್ನುವ ಹಕ್ಕು ನನಗಿಲ್ಲ ಎಂದು ನಾನು ನಂಬುತ್ತೇನೆ. ಮಿತಿಯೊಳಗೆ ಇದ್ದರೆ ಅದು ಅವನ ಭಾರ, ಅವನ ಚೆಂಡು.

ಭಾರ ಎಲ್ಲಿರಬೇಕು ಎಂಬುದಕ್ಕೂ ಮಾತಿಗಿಂತ ಬಾಟಲಿ ಒಳ್ಳೆಯದು. ಒಂದು ಲೀಟರ್ ನೀರಿನ ಬಾಟಲಿಯನ್ನು ಬ್ಯಾಗಿನ ಹೊರಗಿನ ಜೇಬಿಗೆ ಹಾಕಿ ಅಂಗಳದಿಂದ ಬಾವಿಕಟ್ಟೆ ತನಕ ನಡೆಸಿದೆ. ಅದೇ ಬಾಟಲಿಯನ್ನು ಬೆನ್ನಿಗೆ ತಾಗುವಂತೆ ಒಳಗೆ ನೆಟ್ಟಗೆ ನಿಲ್ಲಿಸಿ ಮತ್ತೆ ನಡೆಸಿದೆ. ಭಾರ ಬೆನ್ನಿನಿಂದ ದೂರವಾದಷ್ಟೂ ಹಿಂದಕ್ಕೆ ಜಗ್ಗುತ್ತದೆ, ಮಗು ಅದಕ್ಕೆ ಸರಿಯಾಗಿ ಮುಂದಕ್ಕೆ ಬಾಗುತ್ತದೆ. “ಅಪ್ಪಾ, ಈಗ ನೀರೇ ಇಲ್ಲೆ ಅನ್ನಿಸ್ತು” ಎಂದಳು ಮಗಳು. ಅಂದಿನಿಂದ ನೀರು, ತಿಂಡಿಯ ಡಬ್ಬಿ ಎರಡೂ ಬೆನ್ನಿನ ಪಕ್ಕದಲ್ಲಿ.

ತೊಡದೇವು ಮಾತ್ರ ಬೇರೆಯೇ ಪಾಠ ಕಲಿಸಿತು. ಕಾಗದದಷ್ಟು ತೆಳುವಾದ ಆ ಸಿಹಿತಿಂಡಿಯನ್ನು ಮಗ ಸಂಚಿಯೊಳಗೆ ಹಾಗೇ ಇಟ್ಟಿದ್ದ, ಬೇಣ ಮುಟ್ಟುವಾಗ ಪುಡಿ. ಹಾಲು ಹಾಕಿ ತಿಂದೆವು, ರುಚಿಗೇನೂ ಕಡಿಮೆಯಾಗಿರಲಿಲ್ಲ. ಮುಂದಿನ ಸಲ ಯಾರೂ ಹೇಳದೆ ಸ್ಟೀಲ್ ಡಬ್ಬಿ ಹುಡುಕಿದ, ಅದರ ತೂಕ ಸರಿದೂಗಿಸಲು ಸೋಪಿನ ಪೆಟ್ಟಿಗೆ ಬಿಟ್ಟು ಸೋಪಿನ ಚೂರೊಂದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡ.

ಅಕ್ಕ, ತಮ್ಮ

ಒಂದೇ ಮಗುವಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಇಬ್ಬರಿದ್ದಲ್ಲಿ ನಿಜವಾದ ಕಷ್ಟ ಅಕ್ಕನ ಪ್ರೀತಿ. ತಮ್ಮನ ಬ್ಯಾಗನ್ನು ಅವಳೇ ತುಂಬಿಬಿಡುತ್ತಾಳೆ, ಚೆನ್ನಾಗಿಯೇ ತುಂಬುತ್ತಾಳೆ, ಅವನು ಪಕ್ಕದಲ್ಲಿ ಕೂತು ಚಕ್ಕುಲಿ ತಿನ್ನುತ್ತಾನೆ. ಬೈದು ನಿಲ್ಲಿಸುವ ಸಂಗತಿ ಅಲ್ಲ ಇದು, ಆ ಕಾಳಜಿಗೊಂದು ಕೆಲಸ ಕೊಡಬೇಕು. ಆದ್ದರಿಂದ ನಿಯಮ ಹೀಗಾಯಿತು: ಇನ್ನೊಬ್ಬರ ಬ್ಯಾಗಿಗೆ ಕೈ ಹಾಕುವಂತಿಲ್ಲ, ಪ್ರಶ್ನೆ ಎಷ್ಟು ಬೇಕಾದರೂ ಕೇಳಬಹುದು. ಪ್ರಶ್ನೆಯೂ ವಸ್ತುವಿನ ಹೆಸರು ಹೇಳಬಾರದು. “ಸ್ವೆಟರ್ ಹಾಕಿದ್ಯಾ?” ಎಂದರೆ ಅದು ಪಟ್ಟಿ ಓದಿದಂತೆ. “ತಮಾ, ರಾತ್ರಿ ಚಳಿಯಾದ್ರೆ ಎಂತ ಮಾಡ್ತೆ?” ಎಂದರೆ ಅವನು ಯೋಚಿಸಬೇಕಾಗುತ್ತದೆ. ಮಗಳಿಗೆ ಇದು ಆಟದಂತೆ ಹಿಡಿಸಿತು. ಕಾಲು ಒದ್ದೆಯಾದರೆ? ಮಧ್ಯರಾತ್ರಿ ಹೊರಗೆ ಹೋಗಬೇಕಾದರೆ? ಅವನೂ ಬಿಡುವುದಿಲ್ಲ, ಅವಳ ಕೂದಲು ಕಟ್ಟುವ ರಬ್ಬರ್ ಬ್ಯಾಂಡ್ ನೆನಪಿಸಿದ್ದು ಅವನೇ.

ಇಬ್ಬರಿಗೂ ಮನೆಮಂದಿಗೆಲ್ಲ ಸೇರಿದ ಒಂದೊಂದು ವಸ್ತು ಇದೆ. ಟೆಂಟಿನ ಮೊಳೆಗಳ ಚೀಲ ಅವಳಲ್ಲಿ, ಬಟ್ಟೆ ಒಣಗಿಸುವ ಹಗ್ಗ ಅವನಲ್ಲಿ. ಹಗುರವೇ, ಆದರೆ ಅದು ಬಾರದಿದ್ದರೆ ಎಲ್ಲರಿಗೂ ತೊಂದರೆ. ತನ್ನ ಬ್ಯಾಗು ತುಂಬುವಾಗ ಇನ್ನೊಬ್ಬರ ನೆನಪು ಬರುವುದು ಇದರಿಂದ. ಬೆಂಕಿಪೆಟ್ಟಿಗೆ, ಚಾಕು, ಔಷಧಿ ನಮ್ಮ ಬ್ಯಾಗಿನಲ್ಲೇ. ಅದರಲ್ಲಿ ಚೌಕಾಸಿ ಇಲ್ಲ.

ಪರೀಕ್ಷೆಗೆ ಬೇರೆ ದಿನ ಗೊತ್ತುಮಾಡಬೇಕಿಲ್ಲ. ಶಿರಸಿಯಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಬ್ಯಾಗು ತುಂಬಿಟ್ಟ ಸಂಜೆ ದೀಪ ಹೋದರೆ ಯಾರೂ ಮೊಬೈಲ್ ಬೆಳಕು ಹಾಕುವಂತಿಲ್ಲ. ನಾನು ಕೂಗುವುದು: “ಹಸಿವು!” ಅಡಿಕೆ ಹುಡುಕುವ ಸದ್ದು. “ಚಳಿ!” ಅಂಗಿಯ ಗುಂಡಿ. ಕತ್ತಲಲ್ಲಿ ತೆಗೆದದ್ದನ್ನು ಕತ್ತಲಲ್ಲೇ ಮತ್ತೆ ಒಳಗಿಡಬೇಕು, ಅದು ಹೆಚ್ಚು ಕಷ್ಟ. ಬೇಣದ ಮೇಲೆ ಮೊದಲ ರಾತ್ರಿ “ಅಪ್ಪಾ, ಯನ್ನ ಟಾರ್ಚ್ ಎಲ್ಲಿದ್ದು?” ಎಂಬ ಕೂಗು ಬಂತು. ನಾನು ಉತ್ತರ ಕೊಡುವ ಮೊದಲೇ ಶಂಖ ಬಾಟಲಿಗೆ ತಾಗಿದ ಟಿಕ್ ಸದ್ದು, ಆಮೇಲೆ ಬೆಳಕು.

ದೊಡ್ಡವರನ್ನು ತಡೆಯುವುದು ಇದಕ್ಕಿಂತ ಕಷ್ಟ. ಹೊರಡುವ ಹೊತ್ತಿಗೆ ನನ್ನ ಆಯಿ “ಇರ್ಲಿ ಒಂದು ಸ್ವೆಟರ್, ಭಾರ ಆಗ್ತಿಲ್ಲೆ” ಎಂದು ಬ್ಯಾಗಿನ ಬಾಯಿ ಬಿಚ್ಚಲು ಬಂದರೆ, ಮೊಮ್ಮಗನೇ ಬ್ಯಾಗನ್ನು ಎದೆಗೆ ಅವಚಿಕೊಂಡು ತಕ್ಕಡಿ ತೋರಿಸುತ್ತಾನೆ. ಆಯಿಯ ಸ್ವೆಟರ್ ನನ್ನ ಬ್ಯಾಗಿಗೆ ಬರುತ್ತದೆ. ಹಾಗೇ ಆಗಲಿ, ಚಳಿ ಹೆಚ್ಚಾದರೆ ಒಂದು ಹೆಚ್ಚಿನದು ಇರುವುದು ಒಳ್ಳೆಯದೇ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಡಿಸೆಂಬರ್ ಜನವರಿಯಲ್ಲಿ ಬೇಣದ ಮೇಲೆ ನಸುಕಿನ ಚಳಿ ಜೋರು. ಉಣ್ಣೆ ಟೋಪಿ, ಕಾಲುಚೀಲ, ದಪ್ಪ ಹೊದಿಕೆ ಬೇಕೇ ಬೇಕು. ಅದೇ ವಾರ ಕುಮಟಾದಲ್ಲಿ ಒಂದು ಹತ್ತಿ ಬೆಡ್‌ಶೀಟ್ ಸಾಕು, ಆ ಜಾಗಕ್ಕೆ ಇನ್ನೊಂದು ಜೊತೆ ಬಟ್ಟೆ, ಟವೆಲ್, ಬಿಸಿಲ ಟೋಪಿ ಮತ್ತು ಹೆಚ್ಚು ನೀರು. ಉಪ್ಪುಗಾಳಿ ಮತ್ತು ಮರಳು ಸೇರಿದರೆ ಜಿಪ್ಪಿನ ಕಥೆ ಮುಗಿಯಿತು. ಲಾಡಿಯ ಸಂಚಿಗೆ ಆ ಭಯವಿಲ್ಲ. ಹೊರಗಿನ ಜಿಪ್‌ಗಳಿಗೆ ಹೋಗುವ ಮೊದಲು ಮೇಣದಬತ್ತಿ ಉಜ್ಜುವುದು, ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುವುದು ಮಗಳ ಪಾಲಿನ ಕೆಲಸ.

ಮಳೆ ಮುಗಿದ ಹೊಸತರಲ್ಲಿ ಉಂಬಳ (ಜಿಗಣೆ) ಇರುತ್ತದೆ, ಅದರಿಂದ ಅಪಾಯವಿಲ್ಲ. ಸುಣ್ಣ, ಉಪ್ಪು ಇದ್ದರೆ ಆಯಿತು. ಉಣುಗಿನ (ಉಣ್ಣಿಯ) ವಿಷಯ ಹಾಗಲ್ಲ, ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮ ಶಿರಸಿ, ಸಿದ್ದಾಪುರ ಕಡೆಗೂ ಇದೆ, ಮಳೆ ನಿಂತ ಮೇಲೆ ಬೇಸಿಗೆ ಮುಗಿಯುವ ತನಕ ಅದರ ಕಾಲ. ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದರೆ ನಾವು ಬೇಣಕ್ಕೆ ಹೋಗುವುದೇ ಇಲ್ಲ, ಚಿತ್ರದ ಬಟ್ಟೆ ಬದಲಿಸಿ ಘಟ್ಟ ಇಳಿಯುತ್ತೇವೆ. ಉಳಿದ ದಿನಗಳಲ್ಲೂ ಬಟ್ಟೆಯ ಸಂಚಿಯಲ್ಲಿ ಉದ್ದ ಪ್ಯಾಂಟು, ಉದ್ದ ತೋಳಿನ ಅಂಗಿ ಕಡ್ಡಾಯ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ನನ್ನ ಬ್ಯಾಗಿನಲ್ಲಿರುತ್ತದೆ, ಹಚ್ಚುವವರೂ ನಾವೇ. ಬ್ಯಾಗನ್ನು ತರಗೆಲೆಯ ಮೇಲೆ ಇಡದೆ ಕೊಂಬೆಗೆ ತೂಗುಹಾಕುವುದನ್ನು ಮಕ್ಕಳು ರೂಢಿ ಮಾಡಿಕೊಂಡಿದ್ದಾರೆ. ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ. ಸಂಚಿಗಳೆಲ್ಲ ಒಳಮೈ ಹೊರಗಾಗಿ ಬಿಸಿಲಿಗೆ.

ಸದ್ಯ ಬಾಕಿ ಇರುವುದು ಮಗನ ಬಾಟಲಿಗೆ ಬೆನ್ನಿನ ಬದಿಯಲ್ಲಿ ಒಂದು ಪಟ್ಟಿ. ನೀರು ಅರ್ಧ ಖಾಲಿಯಾದ ಮೇಲೆ ಬಾಟಲಿ ಒಳಗೆ ಅಡ್ಡ ಬೀಳುತ್ತದೆ. ಹೊಲಿಗೆ ಮಷಿನ್ನಿನ ಮುಂದೆ ಈಗ ಹೆಚ್ಚಾಗಿ ಕೂರುವುದು ಮಗಳು. ರಜೆಗೆ ಹುಬ್ಬಳ್ಳಿಯಿಂದ ಅತ್ತೆಯ ಮಕ್ಕಳು ಬರುತ್ತಾರೆ, ಅವರಿಗೂ ಐದೈದು ಸಂಚಿ ಆಗಬೇಕಂತೆ. ಪಕ್ಕದ ಮನೆಗಳಲ್ಲಿ ಹಳೆ ಕೊಡೆ ಕೇಳಲು ಅಕ್ಕ ತಮ್ಮ ಇಬ್ಬರೂ ನಿನ್ನೆ ಸಂಜೆ ಹೊರಟಿದ್ದರು.